ನಾನು ನೋಡದೆ ಬರೆದ ಸೂರ್ಯ

ಕಳೆದ ಬೇಸಿಗೆಯಲ್ಲಿ ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ನರ್ಸ್ ಹುಡುಗಿ ಒಂದು ಕಪ್ಪು ಕನ್ನಡಕ ತಂದು ಕೈಗಿಟ್ಟಳು. ಅಗ್ಗದ ಪ್ಲಾಸ್ಟಿಕ್ಕಿನದು. ಹೊಸ ಚಪ್ಪಲಿಯಂಥ ವಾಸನೆ ಬರುತ್ತಿತ್ತು.

"ಅಜ್ಜಿ, ಬಿಸಲಾಗ ಇದನ್ನ ತೆಗೀಬ್ಯಾಡ್ರಿ. ಸೂರ್ಯನ ಕಡಿ ಅಂತೂ ನೋಡಲೇಬ್ಯಾಡ್ರಿ" ಎಂದಳು.

ಆ ಮಾತನ್ನು ಅದೇ ಧಾಟಿಯಲ್ಲಿ ನನಗೆ ಮೊದಲು ಹೇಳಿದವರು ನಮ್ಮ ವಿಜ್ಞಾನದ ಮಾಸ್ತರರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕನ್ನಡಕ ಹಾಕಿಕೊಂಡು ನಿಂತೆ. ಮುಂದೆ ಆಟೋಗಳು, ಕಲ್ಲಂಗಡಿ ಹಣ್ಣಿನ ಬಂಡಿ, ಮಧ್ಯಾಹ್ನದ ಬಿಸಿಲು. ಮಗ ಗಾಡಿ ತರಲು ಹೋಗಿದ್ದ. ಅವನು ಬರುವಷ್ಟರಲ್ಲಿ ನಾನು ನಲವತ್ತು ವರ್ಷ ಹಿಂದಕ್ಕೆ ಹೋಗಿ, ಹೋಗಬಾರದ ಕಡೆಗೇ ಹೋಗಿ ನಿಂತಿದ್ದೆ…

ಮಾಸ್ತರರು ರಾಯಚೂರಿನ ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದವರು. ನಾನು ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ಮೂಟೆ ಹೊರುತ್ತಿದ್ದವನ ಮಗಳು. ನಮ್ಮ ಓಣಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಬೇರೆಯವರು ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದ್ದರು. ಇವರು ಮೊದಲ ವಾರವೇ ಮುಂದಕ್ಕೆ ಕರೆದು, ಕೈಗೆ ಒಂದು ಮಸೂರ ಕೊಟ್ಟು, "ಇದು ಏನು ಮಾಡ್ತದ ನೋಡಿ ಹೇಳು. ಪುಸ್ತಕದಾಗಿಂದು ಬ್ಯಾಡ, ನೀ ನೋಡಿದ್ದು ಹೇಳು" ಅಂದಿದ್ದರು. ನಾನು ನೋಡಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಅವರದು ಗಬ್ಬೂರಿನ ಕುರಿ ಕಾಯುವ ಮನೆತನ. "ನಮ್ಮಪ್ಪನ ಹತ್ರ ಗಡಿಯಾರ ಇರಲಿಲ್ಲ, ಸೂರ್ಯ ಇದ್ದ" ಎಂದು ನಗುತ್ತಿದ್ದರು. ಉದ್ದನೆಯ ಆಳು, ಸದಾ ಮಡಚಿದ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು-ನೀಲಿ ಎರಡೂ ತುದಿಯ ಒಂದು ಪೆನ್ಸಿಲು. ಮಾವಿನಕೆರೆಯ ಹತ್ತಿರದ ಬಾಡಿಗೆ ಮನೆಯ ಮಾಳಿಗೆ ಮೇಲೆ ಅವರದೊಂದು ದುರ್ಬೀನು ಇತ್ತು. ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದು. ಅದರಲ್ಲಿ ಅವರು ಚಂದ್ರನನ್ನೂ ನೋಡುತ್ತಿರಲಿಲ್ಲ, ಗ್ರಹಗಳನ್ನೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಸೂರ್ಯನತ್ತ ತಿರುಗಿಸಿ, ಹಿಂದೆ ಒಂದು ಬಿಳಿ ರಟ್ಟು ಹಿಡಿದು, ರಟ್ಟಿನ ಮೇಲೆ ಬಿದ್ದ ಬೆಳಕಿನ ಬಿಲ್ಲೆಯನ್ನು ನೋಡುತ್ತಿದ್ದರು. ಆ ಬಿಲ್ಲೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಕಲೆಗಳು. ಒಂದು ಹಾಳೆಯ ಮೇಲೆ ವೃತ್ತ ಬರೆದು, ಕಲೆ ಎಲ್ಲಿದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ತಾರೀಖು ಹಾಕಿ ಇಡುತ್ತಿದ್ದರು. ದಿನಕ್ಕೆ ಒಂದು ಹಾಳೆ. ದೀಪಾವಳಿಗೂ ಒಂದು, ಮಗಳ ಮದುವೆಯ ದಿನಕ್ಕೂ ಒಂದು.

ನಾನು ತರಬೇತಿ ಮುಗಿಸಿ ದೇವದುರ್ಗದ ಶಾಲೆಗೆ ಶಿಕ್ಷಕಿಯಾಗಿ ಬಂದ ಮರುವರ್ಷ, ಎಪ್ಪತ್ತೈದರ ಸುಮಾರಿಗೆ, ಒಂದು ಭಾನುವಾರ ಬಸ್ಸಿನಿಂದ ಇಳಿದು ನೇರ ನಮ್ಮ ಮನೆಗೆ ಬಂದರು. ಬಗಲಲ್ಲಿ ಎರಡು ಮಸೂರ ಕೂಡಿಸಿದ ತಗಡಿನ ಕೊಳವೆ. ತಾವೇ ಮಾಡಿದ್ದು. ನಮ್ಮವ್ವ ಕೊಟ್ಟ ಚಹಾ ಕುಡಿಯುತ್ತಲೇ ವಿಷಯಕ್ಕೆ ಬಂದರು.

"ತಂಗಿ, ನಂದು ಒಂದೇ ದುರ್ಬೀನು. ಅದರ ಗಾಜಿನ ಮ್ಯಾಲೊಂದು ಗೀರು ಅದ. ಒಮ್ಮೊಮ್ಮೆ ನಾ ನೋಡಿದ್ದು ಸೂರ್ಯನ ಮ್ಯಾಲಿನ ಚುಕ್ಕಿನೋ, ನನ್ನ ಗಾಜಿನ ಮ್ಯಾಲಿನ ಧೂಳೋ ತಿಳಿಯಂಗಿಲ್ಲ. ನೀ ಇಲ್ಲಿಂದ ನೋಡು. ಮಾನ್ವ್ಯಾಗ ಇನ್ನೊಬ್ಬರಿಗೆ ಹೇಳೀನಿ. ನನ್ನ ಗಾಜಿನ ತಪ್ಪು ನಿನ್ನ ಗಾಜಿನಾಗ ಇರಂಗಿಲ್ಲ. ಮೂರೂ ಕಡಿ ಕಂಡದ್ದು ಸೂರ್ಯಂದು."

ಮಾನ್ವಿಯ ಆ ಇನ್ನೊಬ್ಬರು ಬಸ್ ನಿಲ್ದಾಣದ ಎದುರಿಗೆ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಚಾಚಾ. ಮಾಸ್ತರರಿಗಿಂತ ದೊಡ್ಡವರು. ಮದುವೆ ಜೋಡಿಗಳ ಫೋಟೋ ತೆಗೆಯುವುದು ಅವರ ಕಸುಬು. ಮಾಸ್ತರರ ಮಾತಿಗೆ ಮರುಳಾಗಿ, ಹಳೆಯ ಕ್ಯಾಮೆರಾಕ್ಕೆ ಒಂದು ಉದ್ದನೆಯ ಕೊಳವೆ ಜೋಡಿಸಿ, ಮುಂದೆ ಗಾಢ ಕಪ್ಪು ಗಾಜು ಇಟ್ಟು, ದಿನಾ ಬೆಳಿಗ್ಗೆ ಸೂರ್ಯನದೂ ಒಂದು ಫೋಟೋ ತೆಗೆಯಲು ಶುರು ಮಾಡಿದ್ದರು. "ಎಲ್ಲಾರಿಗೂ 'ಹಲ್ಲು ತೋರಿಸ್ರಿ, ನಗ್ರಿ' ಅಂತೀನಿ. ಈ ಒಬ್ಬ ಸಾಹೇಬ್ರಿಗೆ ಮಾತ್ರ ಏನೂ ಹೇಳಂಗಿಲ್ಲ ನೋಡು ಬೇಟಿ" ಎನ್ನುತ್ತಿದ್ದರು.

ಹೀಗೆ ರಾಯಚೂರಿನಲ್ಲಿ ದುರ್ಬೀನು, ಮಾನ್ವಿಯಲ್ಲಿ ಕ್ಯಾಮೆರಾ, ದೇವದುರ್ಗದಲ್ಲಿ ನನ್ನ ತಗಡಿನ ಕೊಳವೆ. ನಾನು ಶಾಲೆಯ ಮಾಳಿಗೆ ಮೇಲೆ ಹಳೆ ಕೊಡೆಯ ಬಟ್ಟೆಯಿಂದ ನೆರಳು ಮಾಡಿಕೊಂಡು, ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆ ಚಿತ್ರ ಬರೆದು ಕೆಳಗಿಳಿಯುತ್ತಿದ್ದೆ. ತಿಂಗಳ ಕೊನೆಯ ಭಾನುವಾರ ಮೂವರೂ ರಾಯಚೂರಿನಲ್ಲಿ ಸೇರುತ್ತಿದ್ದೆವು. ಮಾಸ್ತರರು ಒಂದೇ ದಿನದ ಮೂರು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಿದ್ದರು. ಮೂರರಲ್ಲೂ ಇದ್ದ ಕಲೆಗೆ ಕೆಂಪು ಗುರುತು. ಎರಡರಲ್ಲಿದ್ದರೆ ನೀಲಿ. ಒಂದರಲ್ಲಿ ಮಾತ್ರ ಇದ್ದು ಉಳಿದವರು ನೋಡಿಯೂ ಕಾಣದ್ದಕ್ಕೆ ಅಡ್ಡಗೆರೆ. ಅದು ಅವರದೇ ಹಾಳೆಯದಾದರೂ ಸರಿ.

ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಮೋಡ ಇದ್ದರೆ 'ಮೋಡ' ಎಂದು ಬರೆಯಬೇಕು. ನೋಡಲು ಆಗದಿದ್ದರೆ 'ನೋಡಿಲ್ಲ' ಎಂದು ಬರೆಯಬೇಕು.

"ನೋಡಿಲ್ಲ ಅಂತ ಬರಿಯಾಕ ನಾಚಬ್ಯಾಡ್ರಿ" ಎಂದು ಇಬ್ಬರಿಗೂ ಹೇಳಿದ್ದರು. "ಖಾಲಿ ವೃತ್ತ ಅಂದ್ರ ನಾ ನೋಡೀನಿ, ಏನೂ ಇಲ್ಲ ಅಂತ ಅರ್ಥ. ನೋಡಿಲ್ಲ ಅನ್ನೋದು ಬ್ಯಾರೆ, ಇಲ್ಲ ಅನ್ನೋದು ಬ್ಯಾರೆ. ಇವೆರಡು ಕಲೆತ್ರ ನಮ್ಮ ಕೆಲಸೆಲ್ಲ ನೀರಾಗ ಹೋದಂಗ."

ಇದೆಲ್ಲ ಯಾಕೆ ಎಂದು ನನಗೆ ನಿಜವಾಗಿ ತಿಳಿದದ್ದು ಹೊಳೆದಂಡೆಯ ಗೂಗಲ್ಲು ಎಂಬ ಊರಿನಲ್ಲಿ. ಒಂದು ಚಳಿಗಾಲ ಅವರೂ, ಅವರ ಹೆಂಡತಿಯೂ (ನಾನು ಅವರನ್ನು ಅಮ್ಮಾರು ಎನ್ನುತ್ತಿದ್ದೆ), ಚಾಚಾ, ನಾನು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದೆವು. ಅಲ್ಲಮಪ್ರಭುವಿನ ಗುಡಿಗೆ ಹೋಗಿ ಬಂದು ಕೃಷ್ಣೆಯ ದಂಡೆಯ ಬಂಡೆಯ ಮೇಲೆ ಕೂತಿದ್ದಾಗ, ಮಾಸ್ತರರು ಬುತ್ತಿಗೆ ಸುತ್ತಿದ್ದ ಎಲೆಯನ್ನು ಚೂರುಚೂರು ಮಾಡಿ ನೀರಿಗೆ ಚೆಲ್ಲಿದರು. ಹೊಳೆಯ ನಡುವಿಗೆ ಬಿದ್ದ ಚೂರುಗಳು ಬಿರಬಿರನೆ ಮುಂದೆ ಹೋದವು. ದಂಡೆಯವು ಹಿಂದುಳಿದವು. ಒಂದೆರಡು ಒಂದೇ ಕಡೆ ಗಿರಗಿರ ತಿರುಗತೊಡಗಿದವು.

"ಅಲ್ಲಿ ನೋಡು. ಆ ಎಲಿ ತಿರುಗಾಕತ್ತದಲ್ಲ, ಅದರ ಕೆಳಗ ದೊಡ್ಡ ಕಲ್ಲು ಅದ. ನಾ ಮುಳುಗಿ ನೋಡಿಲ್ಲ. ಎಲಿ ಹೇಳಾಕತ್ತದ" ಎಂದರು. "ಸೂರ್ಯನ ಚುಕ್ಕಿನೂ ಹಂಗ. ನಡುಪಟ್ಟ್ಯಾಗಿನವು ಲಗೂ ಸುತ್ತು ಹಾಕ್ತಾವು, ಮ್ಯಾಲಿನವು ತಡ ಮಾಡ್ತಾವು. ಕಲ್ಲಿನ ಗುಂಡಾಗಿದ್ರ ಎಲ್ಲಾ ಕೂಡೇ ತಿರುಗತಿತ್ತು. ಒಳಗ ಏನೋ ಹರಿಯಾಕತ್ತದ ತಂಗಿ. ಸೂರ್ಯನ ಹೊಟ್ಟ್ಯಾಗ ಯಾರು ಹೋಗಿ ನೋಡ್ಯಾರು? ಈ ಎಲಿ ಚೂರು ನೋಡೇ ತಿಳ್ಕೋಬೇಕು."

ಅಮ್ಮಾರು ಮೆಲ್ಲಗೆ ನನ್ನ ಕಿವಿಯಲ್ಲಿ, "ಮನ್ಯಾಗ ಉಪ್ಪು ಮುಗಿದದ್ದು ಇವರಿಗೆ ತಿಳಿಯಂಗಿಲ್ಲ, ಸೂರ್ಯನ ಹೊಟ್ಟಿದು ತಿಳೀತದ" ಎಂದು ನಕ್ಕರು.

ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಬಹಳ ಹೆಚ್ಚಾಗಿ, ಆಮೇಲೆ ಕಡಿಮೆಯಾಗಿ, ಕೊನೆಗೆ ತಿಂಗಳುಗಟ್ಟಲೆ ಒಂದೂ ಕಾಣದ ಹಾಗಾಗುತ್ತದೆ. ಮತ್ತೆ ಹೊಸ ಸುತ್ತು ಶುರುವಾಗುವಾಗ ಮೊದಲ ಕಲೆ ನಡುಪಟ್ಟಿಯಿಂದ ಬಹಳ ದೂರ, ಮೇಲೆಲ್ಲೋ ಸಣ್ಣದಾಗಿ ಮೂಡಿ, ಒಂದೆರಡು ದಿನದಲ್ಲಿ ಅಳಿಸಿ ಹೋಗುತ್ತದೆ. ನಾವು ಮೂವರೂ ಸೇರಿ ಕೆಲಸ ಶುರು ಮಾಡಿ ಕೈ ಕುದುರುವಷ್ಟರಲ್ಲಿ ಆಗ ಶುರುವಾದ ಸುತ್ತಿನ ಆ ಮೊದಲ ಕಲೆ ನಮ್ಮ ಕೈತಪ್ಪಿತ್ತು. "ಬರೋ ಸಲ ಮೊದಲನೇದನ್ನ ನಾ ಬಿಡಂಗಿಲ್ಲ" ಎಂದು ಮಾಸ್ತರರು ಆಗಲೇ ಹೇಳಿದ್ದರು. ಹತ್ತು ವರ್ಷ ಮುಂಚೆಯೇ.

ಎಂಬತ್ತರ ಫೆಬ್ರುವರಿಯಲ್ಲಿ ಖಗ್ರಾಸ ಗ್ರಹಣ ಆಯಿತಲ್ಲ, ಆಗ ಸೂರ್ಯನ ಮೈತುಂಬ ಕಲೆಗಳು. ಒಂದೇ ಕಡೆ ನಿಂತು ನೋಡೋಣ ಎಂದು ಚಾಚಾ ಆಸೆಪಟ್ಟರು. ಮಾಸ್ತರರು ಒಪ್ಪಲಿಲ್ಲ, ಅವರವರ ಜಾಗದಲ್ಲೇ ಇರಬೇಕೆಂದರು. ಆ ಮಧ್ಯಾಹ್ನ ದೇವದುರ್ಗದ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಎಲ್ಲರ ಬಾಗಿಲು ಹಾಕಿತ್ತು. ನಮ್ಮವ್ವ ಅಡ್ಡ ನಿಂತು, "ಹೋಗಬ್ಯಾಡ ಬೇ, ಕಣ್ಣು ಹೋದ್ರ ನಿನ್ನ ಯಾರು ಮಾಡ್ಕೊಂತಾರ?" ಎಂದು ಅತ್ತರೂ ಕೇಳದೆ ಮಾಳಿಗೆ ಹತ್ತಿದೆ. ಚಂದ್ರನ ಅಂಚು ಯಾವ ಕಲೆಯನ್ನು ಎಷ್ಟು ಹೊತ್ತಿಗೆ ಮುಚ್ಚಿತು ಎಂದು ಬರೆಯುತ್ತ ಹೋದೆ. ಆದರೆ ಪೂರ್ತಿ ಕತ್ತಲಾದಾಗ, ಸೂರ್ಯನ ಸುತ್ತ ಆ ಬಿಳಿ ಬೆಳಕು ಅರಳಿ ನಿಂತಾಗ, ಪೆನ್ಸಿಲು ಕೈಯಿಂದ ಬಿತ್ತು. ಸುಮ್ಮನೆ ಬಾಯಿ ತೆರೆದು ನಿಂತುಬಿಟ್ಟೆ. ಕೆಳಗೆ ಎಲ್ಲೋ ಕೋಳಿ ಕೂಗಿತು… ಬೆಳಕು ಬಂದ ಮೇಲೆ ಹಾಳೆಯ ಕೊನೆಯಲ್ಲಿ, 'ಮುಂದಿನದು ನೋಡಿಲ್ಲ, ಬರೆಯುವುದು ಮರೆತೆ' ಎಂದು ಬರೆದೆ.

ಅದನ್ನು ಓದಿ ಮಾಸ್ತರರು ಬೈಯಲಿಲ್ಲ. ಚಾಚಾನಿಗೆ ತೋರಿಸಿ, "ಇಂಥ ಹಾಳಿ ಬೇಕ್ರೀ ನಮಗ. ಇದನ್ನ ಬರದ ಕೈ ಸುಳ್ಳು ಬರಿಯಂಗಿಲ್ಲ" ಎಂದರು.

ಆಗ ಅದು ನಿಜವೇ ಆಗಿತ್ತು.

ಆಮೇಲೆ ನನ್ನ ಮದುವೆಯಾಯಿತು. ನಮ್ಮವರು ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಇಬ್ಬರು ಮಕ್ಕಳಾದರು. ಬೆಳಿಗ್ಗೆ ರೊಟ್ಟಿ ಬಡಿದು, ಮಕ್ಕಳಿಗೆ ಎರೆದು, ಶಾಲೆಗೆ ಓಡುವುದೇ ಸಾಕಾಗುತ್ತಿತ್ತು. ಅದೇ ಹೊತ್ತಿಗೆ ಸೂರ್ಯನ ಕಲೆಗಳೂ ಕಡಿಮೆಯಾಗುತ್ತ ಬಂದವು. ಎಂಬತ್ತೈದರ ಹೊತ್ತಿಗೆ ವಾರವಾದರೂ ಒಂದೂ ಕಾಣುತ್ತಿರಲಿಲ್ಲ. ಮಾಳಿಗೆ ಹತ್ತಿ, ಕೊಳವೆ ಹೂಡಿ, ಖಾಲಿ ಬಿಲ್ಲೆ ನೋಡಿ, ಖಾಲಿ ವೃತ್ತ ಬರೆದು ಇಳಿಯುವುದು.

ಮೊದಲ ಸಲ ತಪ್ಪಿದ್ದು ಸಣ್ಣವನಿಗೆ ಜ್ವರ ಬಂದ ದಿನ. ಹಿಂದಿನ ದಿನವೂ ಖಾಲಿ, ಮರುದಿನವೂ ಖಾಲಿ. ನಡುವಿನ ಆ ಒಂದು ದಿನಕ್ಕೂ ಖಾಲಿ ವೃತ್ತ ಬರೆದೆ. 'ನೋಡಿಲ್ಲ' ಎಂದು ಬರೆಯಲು ಕೈ ಬರಲಿಲ್ಲ. ಅಷ್ಟು ವರ್ಷದಲ್ಲಿ ನನ್ನ ಹಾಳೆಗಳಲ್ಲಿ ಆ ಪದ ಬಹಳ ಕಡಿಮೆಯಿತ್ತು, ಅದು ನನಗೆ ಹೆಮ್ಮೆ. ಯಾರಿಗೆ ಏನು ಮೋಸ, ಸೂರ್ಯನ ಮೇಲೆ ಹೇಗೂ ಏನೂ ಇಲ್ಲವಲ್ಲ ಎಂದುಕೊಂಡೆ. ಆಮೇಲೆ ಎರಡು ದಿನ. ಆಮೇಲೆ ಒಂದು ವಾರ. ಕೊನೆಕೊನೆಗೆ ಭಾನುವಾರ ಸಂಜೆ ಅಡುಗೆಮನೆಯಲ್ಲಿ ಕೂತು, ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು, ಮುಂದಿನ ಏಳು ದಿನದ ಏಳು ವೃತ್ತ ಬರೆದು, ಬಾರದ ದಿನಗಳ ತಾರೀಖು ಹಾಕಿ, 'ಕಲೆ ಇಲ್ಲ' ಎಂದು ಬರೆದು ಮುಗಿಸುತ್ತಿದ್ದೆ. ಇನ್ನೂ ಹುಟ್ಟದ ಸೂರ್ಯರ ಕಟ್ಟು. ಹೀಗೆ ಎಷ್ಟು ತಿಂಗಳು ಮಾಡಿದೆ ಎಂದು ಇಂದಿಗೂ ಸರಿಯಾಗಿ ಹೇಳಲಾರೆ. ಹೇಳಲು ನಾಚಿಕೆ ಎನ್ನುವುದೂ ನಿಜ.

ಹೀಗಿರುವಾಗ ಒಂದು ತಿಂಗಳ ಕೊನೆಯ ಭಾನುವಾರ ನಾನು ಮಾವಿನಕೆರೆಯ ಮನೆಗೆ ಹೋದಾಗ ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ಎಂದೂ ಹಾಗೆ ನಿಂತವರಲ್ಲ. ಚಾಚಾ ಮುಂಚೆಯೇ ಬಂದು ಪೆಚ್ಚಾಗಿ ಕೂತಿದ್ದರು. ಅವರ ಕ್ಯಾಮೆರಾದ ಹಿಂಬಾಗಿಲು ತಪ್ಪಿ ತೆರೆದು ಆ ತಿಂಗಳ ಫಿಲ್ಮಿಗೆ ಬೆಳಕು ಹೊಕ್ಕಿತ್ತು. "ಪೂರಾ ಖರಾಬ್ ಆತು ಬೇಟಿ, ತೊಳಿಯೋದೇ ಬ್ಯಾಡ ಅಂತ ಮೂಲಿಗೆ ಒಗದೀನಿ" ಎಂದರು.

ಮಾಸ್ತರರು ನನ್ನ ಕಟ್ಟು ಇಸಿದುಕೊಂಡು, ಬೇರೆಲ್ಲ ಬಿಟ್ಟು, ಒಂದು ಮಂಗಳವಾರದ ಹಾಳೆಯನ್ನು ಹುಡುಕಿ ತೆಗೆದರು. ಖಾಲಿ ವೃತ್ತ. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದೇ ದಿನದ ತಮ್ಮ ಹಾಳೆಯನ್ನು ಪಕ್ಕದಲ್ಲಿಟ್ಟರು. ಅವರ ವೃತ್ತದಲ್ಲಿ, ನಡುಪಟ್ಟಿಯಿಂದ ಬಹಳ ಮೇಲೆ, ಸೂಜಿಯ ಮೊನೆಯಿಂದ ಚುಚ್ಚಿದಂಥ ಎರಡು ಚುಕ್ಕಿಗಳು.

ಆ ಮಂಗಳವಾರದ ನನ್ನ ವೃತ್ತ ಅಡುಗೆಮನೆಯಲ್ಲಿ ಬರೆದದ್ದು.

"ತಂಗಿ, ಅವತ್ತ ಒಂಬತ್ತಕ್ಕ ನೋಡಿದಿಯಲ್ಲ?"

"ನೋಡೀನ್ರಿ ಸರ."

"ಮೋಡ ಗೀಡ ಇರಲಿಲ್ಲ?"

"ಇರಲಿಲ್ರಿ."

"ನಿನ್ನ ಮಸೂರ ಸಣ್ಣದು ಖರೆ. ಆದ್ರ ಇದಕ್ಕಿಂತ ಸಣ್ಣವನ್ನ ನೀ ಹಿಡಿದೀಯ. ಹಿಂದಿನ ಹಾಳಿ ಎಲ್ಲಾ ತೆಗೆದು ನೋಡೀನಿ ನಾ." ಮತ್ತೆ ಕೇಳಿದರು. ಗದರುವ ದನಿಯಲ್ಲ, ಬೇಡುವಂಥ ದನಿ. "ನೆನಪು ಮಾಡ್ಕೋ. ಸರಿಯಾಗಿ ನೋಡೀಯಾ?"

ಆ ಒಂದು ಕ್ಷಣ ನನ್ನ ಕೈಯಲ್ಲಿತ್ತು. 'ಇಲ್ಲ ಸರ, ನಾ ಮ್ಯಾಲೆ ಹತ್ತಿರಲೇ ಇಲ್ಲ' ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಚಾಚಾ ಕೂತಿದ್ದರು. ಅಮ್ಮಾರು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಕೈ ಸುಳ್ಳು ಬರೆಯುವುದಿಲ್ಲ ಎಂದು ಹೇಳಿದ್ದು ಅದೇ ಕೋಣೆಯಲ್ಲಿ.

"ಸರಿಯಾಗೇ ನೋಡೀನ್ರಿ ಸರ. ಏನೂ ಇರಲಿಲ್ಲ" ಎಂದೆ.

ಮಾಸ್ತರರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಅವರ ಕಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿ ಆಗಲೇ ಕೆಲವು ತಿಂಗಳಾಗಿತ್ತು. ಪೆನ್ಸಿಲು ತೆಗೆದುಕೊಂಡು ತಮ್ಮ ಹಾಳೆಯ ಆ ಎರಡು ಚುಕ್ಕಿಗಳ ಮೇಲೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಕಣ್ಣಿನ ತಪ್ಪು' ಎಂದು ಬರೆದರು. ಗೆರೆ ನೆಟ್ಟಗಿತ್ತು. ಅದೇ ನನಗೆ ಹೆಚ್ಚು ನೋವು.

"ಮರುದಿನ ನೋಡಿದ್ರ ಇರಲಿಲ್ಲ. ಆವಾಗೇ ನನಗೂ ಸಂಶಯ ಬಂದಿತ್ತು" ಎಂದಷ್ಟೇ ಹೇಳಿದರು.

ಎರಡು ತಿಂಗಳಲ್ಲಿ ಅವರು ನೋಡುವುದನ್ನೇ ನಿಲ್ಲಿಸಿದರು. ಇಲ್ಲದ್ದನ್ನು ಕಾಣುವ ಕಣ್ಣಿನಿಂದ ಹಾಳೆ ಬರೆದರೆ ಹಿಂದಿನ ಹಾಳೆಗಳೂ ಕೆಡುತ್ತವೆ ಎಂದರು. ನಿವೃತ್ತಿಯಾಯಿತು. ದುರ್ಬೀನನ್ನೂ ಹಾಳೆಗಳ ಕಟ್ಟನ್ನೂ ಶಾಲೆಗೆ ಕೊಟ್ಟು ಅಮ್ಮಾರೊಂದಿಗೆ ಗಬ್ಬೂರಿಗೆ ಹೋದರು. ತಿಂಗಳ ಕೊನೆಯ ಭಾನುವಾರಗಳು ನಿಂತುಹೋದವು. ನಾನು ತಗಡಿನ ಕೊಳವೆಯನ್ನು ಅಟ್ಟಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಹಗುರಾದಂತೆಯೂ ಅನಿಸಿತು… ಬೆಳಿಗ್ಗೆ ಇಪ್ಪತ್ತು ನಿಮಿಷ ಉಳಿಯಿತಲ್ಲ ಎಂದು.

ಮರುವರ್ಷ ಅತ್ತೆಯವರ ಹರಕೆಗೆಂದು ನೀರಮಾನ್ವಿಯ ಎಲ್ಲಮ್ಮನಿಗೆ ಹೋಗಿದ್ದೆವು. ಬರುವಾಗ ಮಾನ್ವಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವಳನ್ನು ಚಾಚಾ ಅಂಗಡಿಯಿಂದಲೇ ನೋಡಿ ಕೈ ಮಾಡಿ ಕರೆದರು. ಮುಖ ಅರಳಿತ್ತು. ಮಗನ ಊರಾದ ಹೈದರಾಬಾದಿಗೆ ಹೊರಟಿದ್ದರಂತೆ. ಸ್ಟುಡಿಯೋ ಖಾಲಿ ಮಾಡುವಾಗ ಮೂಲೆಗೆ ಎಸೆದಿದ್ದ ಆ ಫಿಲ್ಮಿನ ಸುರುಳಿ ಸಿಕ್ಕಿತ್ತು. ಇರಲಿ ಎಂದು ತೊಳೆದು ನೋಡಿದ್ದರು. ಹೊರಗಿನ ಸುತ್ತುಗಳೆಲ್ಲ ಸುಟ್ಟು ಕಪ್ಪಾಗಿದ್ದರೂ ಒಳಗಿನ ನಾಲ್ಕಾರು ಫೋಟೋಗಳು ಉಳಿದಿದ್ದವು. ಅದರಲ್ಲೊಂದನ್ನು ದೊಡ್ಡದು ಮಾಡಿ ಅಚ್ಚು ಹಾಕಿದ್ದರು.

"ನೋಡು ಬೇಟಿ, ಆ ಮಂಗಳವಾರದ್ದು! ಮಾಸ್ತರ ಸಾಬ್ ಸರಿ ಇದ್ರು!"

ಬೂದು ಬಣ್ಣದ ಬಿಲ್ಲೆ. ಬಹಳ ಮೇಲೆ, ಮಾಸ್ತರರು ಗುರುತು ಮಾಡಿದ್ದ ಅದೇ ಜಾಗದಲ್ಲಿ, ಎರಡು ಚುಕ್ಕಿ.

ಚಾಚಾ ಒಮ್ಮೆ ನನ್ನ ಮುಖ ನೋಡಿದರು. "ಮತ್ತ ನಿನಗ ಯಾಕ ಕಾಣಲಿಲ್ಲ?"

"ನನ್ನ ಮಸೂರ ಸಣ್ಣದು ಚಾಚಾ."

"ಹಾಂ, ಅದೂ ಖರೇನ" ಎಂದು ಒಪ್ಪಿಕೊಂಡು ಫೋಟೋವನ್ನು ಲಕೋಟೆಗೆ ಹಾಕಿ ಕೊಟ್ಟರು. "ನೀ ರಾಯಚೂರಿಗೆ ಹೋಗೋ ಬಸ್ಸು ಗಬ್ಬೂರಾಗ ನಿಲ್ತದಲ್ಲ, ಇಳಿದು ಕೊಡು. ನಾನೇ ಹೋಗಬೇಕಿತ್ತು, ಮಣಕಾಲು ಬಿಡವಲ್ದು. ನಿನ್ನ ಕೈಲೆ ಹೋದ್ರೂ ನನ್ನ ಕೈಲೆ ಹೋದಂಗ."

ಆ ಫೋಟೋ ತೋರಿಸಿದರೆ ಮಾಸ್ತರರು ಮೊದಲು ಕೇಳುವುದು ನನ್ನ ಹಾಳೆಯ ವಿಚಾರ. ಚಾಚಾನಿಗೆ ಹೇಳಿದ ನೆಪವನ್ನು ಅವರು ಆಗಲೇ ತೂಗಿ ನೋಡಿ ಬದಿಗಿಟ್ಟಿದ್ದರು. ಅದು ನನಗೆ ಗೊತ್ತಿತ್ತು. ಲಕೋಟೆಯನ್ನು ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟೆ.

ದೇವದುರ್ಗದಿಂದ ರಾಯಚೂರಿಗೆ ಹೋಗುವ ಬಸ್ಸು ಪ್ರತಿ ಸಲವೂ ಗಬ್ಬೂರಿನಲ್ಲಿ ನಿಲ್ಲುತ್ತಿತ್ತು. ಚಾಲಕರು ಇಳಿದು ಚಹಾ ಕುಡಿದು ಬರುವಷ್ಟು ಹೊತ್ತು. ನಾನು ಒಂದು ಸಲವೂ ಇಳಿಯಲಿಲ್ಲ. ಒಮ್ಮೆ ನಿಲ್ದಾಣದ ಬೇವಿನ ಮರದ ಕೆಳಗೆ ಮಾಸ್ತರರು ಕೂತಿದ್ದರು. ಅದೇ ಮಡಚಿದ ತೋಳಿನ ಅಂಗಿ. ಕೈಯಲ್ಲಿ ಕೋಲು. ಮುಖವನ್ನು ಬಸ್ಸಿನತ್ತ ಎತ್ತಿದ್ದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಅವರಿಗೆ ಅಷ್ಟು ದೂರದ ಮುಖ ಕಾಣುವ ಕಣ್ಣೇ ಉಳಿದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆದರೂ ಎಳೆದುಕೊಂಡೆ.

ಹೈದರಾಬಾದಿನಿಂದ ಚಾಚಾನ ಕಾರ್ಡು ಬಂತು. ಸಾಬ್ ಏನಂದರು ಎಂದು ಕೇಳಿದ್ದರು. 'ಬಹಳ ಸಂತೋಷಪಟ್ಟರು' ಎಂದು ಉತ್ತರ ಬರೆದೆ. ಅದೇ ಅವರ ಕೊನೆಯ ಕಾರ್ಡು.

ಒಂದೆರಡು ವರ್ಷದ ಮೇಲೆ ಶಾಲೆಗೆ ಬರುತ್ತಿದ್ದ ಮಾಸಿಕವೊಂದರಲ್ಲಿ ಒಂದು ಲೇಖನ ಓದಿದೆ. ಸೂರ್ಯ ಹೊಡೆದ ಗಂಟೆಯಂತೆ ಸದಾ ಕಂಪಿಸುತ್ತಾನೆ, ಆ ಕಂಪನ ಅಳೆದರೆ ಅವನ ಒಳಗು ತಿಳಿಯುತ್ತದೆ, ಒಂದು ಊರಿನಲ್ಲಿ ಹೊತ್ತು ಮುಳುಗಿದರೆ ಇನ್ನೊಂದು ಊರಿನಲ್ಲಿ ನೋಡಲು ಭೂಮಿಯ ಸುತ್ತ ಉಪಕರಣಗಳನ್ನಿಟ್ಟು ಎಲ್ಲವನ್ನೂ ಕೂಡಿಸುತ್ತಾರೆ ಎಂದಿತ್ತು. ಓದುತ್ತ ಓದುತ್ತ ಕಿಟಕಿಯ ಗಾಜಿಗೆ ಒತ್ತಿದ ನಮ್ಮ ಮೂರು ಹಾಳೆಗಳು ನೆನಪಾದವು. ಆ ಶನಿವಾರ ಮಧ್ಯಾಹ್ನ ಮಾಸಿಕವನ್ನೂ ಲಕೋಟೆಯನ್ನೂ ಚೀಲಕ್ಕೆ ಹಾಕಿಕೊಂಡು ಗಬ್ಬೂರಿನಲ್ಲಿ ಇಳಿದೆ.

ಮಾಸ್ತರರು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಒಂದು ಕಣ್ಣಿಗೆ ಆಪರೇಷನ್ ಆಗಿ ಅದು ಫಲಿಸಿರಲಿಲ್ಲ. ಇನ್ನೊಂದರಲ್ಲಿ ಮಸುಕು ಬೆಳಕು ಮಾತ್ರ. ನನ್ನ ದನಿಯಿಂದಲೇ ಗುರುತು ಹಿಡಿದು, "ಯಾರು, ದೇವದುರ್ಗದ ತಂಗೇನು? ಬಾ ಯವ್ವಾ, ಬಾ!" ಎಂದು ಎದ್ದೇ ಬಿಟ್ಟರು.

ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಮಧ್ಯೆ ಮಧ್ಯೆ ತಡೆದು ಮತ್ತೆ ಓದಿಸಿದರು. ಮುಗಿದಾಗ ತೊಡೆ ತಟ್ಟಿಕೊಂಡು ನಕ್ಕರು. "ಭೂಮಿ ಸುತ್ತ ಇಟ್ಟಾರ! ಹೊತ್ತೇ ಮುಳುಗದಂಗ! ನಾವು ಮೂರೇ ಊರಾಗ ಇಟ್ಟಿದ್ವಿ ನೋಡು… ದಾರಿ ಮಾತ್ರ ಅದೇ ಇತ್ತು. ಏನಂತಿ?"

"ಹೌದ್ರಿ ಸರ." ಲಕೋಟೆ ಕೈಗೆ ತೆಗೆದುಕೊಂಡೆ. "ಸರ, ಆ ಮಂಗಳವಾರದ ಹಾಳಿ ಅದಲ್ರಿ…"

ಅವರು ಕೈ ಅಡ್ಡ ಮಾಡಿದರು.

"ಅದನ್ನ ಮನಸಿಗೆ ಹಚ್ಕೊಂಡೀಯೇನು ಇನ್ನೂ? ಹುಚ್ಚಿ. ಅವತ್ತ ನೀ ಇರಲಿಲ್ಲಂದ್ರ ನಾ ಇಲ್ಲದ ಚುಕ್ಕಿನ್ನ ಬರದು ಇಡ್ತಿದ್ದೆ. ಮಾಸ್ತರ ಅಂತ ಮುಖ ನೋಡದ ನೀ ಕಂಡದ್ದು ಹೇಳಿದಿ. ಇಷ್ಟ ವರ್ಷ ಕಲಿಸಿದ್ದು ಸಾರ್ಥಕ ಆತು ಅನಿಸ್ತು ನನಗ ಅವತ್ತ."

ಆ ಮುಖದ ಮೇಲಿನ ಸಮಾಧಾನ ನನ್ನ ಸುಳ್ಳಿನ ಮೇಲೆ ನಿಂತಿತ್ತು. ಸತ್ಯ ಹೇಳಿದರೆ ಅವರ ಕಣ್ಣು ಅವರಿಗೆ ಮರಳಿ ಸಿಗುತ್ತದೆ, ಆದರೆ ಶಿಷ್ಯೆ ಹೋಗುತ್ತಾಳೆ. ಹೀಗೆಲ್ಲ ಅವರ ಸಲುವಾಗಿ ಯೋಚಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ಹೆದರಿದೆ, ಅಷ್ಟೆ. ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು, ಅಮ್ಮಾರು ಕೊಟ್ಟ ಅವಲಕ್ಕಿ ತಿಂದು, ಸಂಜೆಯ ಬಸ್ಸು ಹಿಡಿದೆ. ಮಾಸ್ತರರು ಕೋಲು ಊರಿಕೊಂಡು ನಿಲ್ದಾಣದವರೆಗೂ ಬಂದು ಕಳಿಸಿದರು.

ಅವರು ತೀರಿಕೊಂಡದ್ದು ಆ ವರ್ಷದ ಮಳೆಗಾಲದಲ್ಲಿ. ನನಗೆ ಸುದ್ದಿ ಸಿಕ್ಕಿದ್ದು ಮಣ್ಣಾದ ಮರುದಿನ.

ದಿನಕರ್ಮ ಮುಗಿದ ಮೇಲೆ ಒಬ್ಬಳೇ ಹೋದೆ. ಅಮ್ಮಾರು ಜೋಳ ಹಸನು ಮಾಡುತ್ತಿದ್ದರು. ಅವರ ಎದುರು ಕೂತು, ಲಕೋಟೆ ಮುಂದಿಟ್ಟು, ಎಲ್ಲವನ್ನೂ ಹೇಳಿದೆ. ಡಬ್ಬಿಯ ಮುಚ್ಚಳದಿಂದ ಬರೆದ ವೃತ್ತಗಳು, ಚಾಚಾನ ಫೋಟೋ, ಬಸ್ಸಿನಲ್ಲಿ ಸೆರಗು ಎಳೆದುಕೊಂಡದ್ದು, ಒಂದನ್ನೂ ಬಿಡಲಿಲ್ಲ. ಅವರು ಮೊರವನ್ನು ಕೆಳಗಿಟ್ಟು ಕೇಳಿಸಿಕೊಂಡರು. ಅಳಲಿಲ್ಲ, ಬೈಯಲೂ ಇಲ್ಲ. ಆಮೇಲೆ ಹೇಳಿದರು.

"ನೀವು ಇಬ್ಬರೂ ಹೋದ ಮ್ಯಾಲೆ ಅವತ್ತ ಅವರು ಉಣ್ಣಲಿಲ್ಲ. 'ನಾ ನೋಡೀನಿ, ಖರೇನ ನೋಡೀನಿ' ಅಂತ ನನ್ನ ಮುಂದ ಹೇಳಿದ್ರು. 'ಹಂಗಾರ ಯಾಕ ಹೊಡದು ಹಾಕಿದ್ರಿ' ಅಂದ್ರ, 'ಆಕಿ ಸುಳ್ಳು ಹೇಳಂಗಿಲ್ಲ' ಅಂದ್ರು."

ನಾನು ಅವರ ಕಾಲು ಹಿಡಿಯಲು ಬಾಗಿದೆ. ಅವರು ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ನನ್ನ ಕಾಲು ಹಿಡಿದ್ರ ಏನು ಬಂತು ಯವ್ವಾ? ಕ್ಷಮಾ ಮಾಡಾಕ ನಾ ಯಾರು? ನಂದಾಗಿದ್ರ ಮಾಡ್ತಿದ್ದೆ. ಅದು ಅವರ ಕಣ್ಣು." ಫೋಟೋ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇಷ್ಟ ಸಣ್ಣವೇನು?" ಎಂದರು. "ಇದು ಇಲ್ಲೇ ಇರಲಿ."

ಅದು ಅಲ್ಲೇ ಉಳಿಯಿತು. ಅಮ್ಮಾರೂ ಹೋಗಿ ಈಗ ಬಹಳ ವರ್ಷವಾಯಿತು. ಆ ಮನೆ ಬೇರೆಯವರದಾಗಿದೆ. ಫೋಟೋ ಏನಾಯಿತೋ ಗೊತ್ತಿಲ್ಲ. ನಾನು ನಿವೃತ್ತಳಾದ ಮೇಲೆ ಒಮ್ಮೆ ರಾಯಚೂರಿನ ಆ ಹೈಸ್ಕೂಲಿಗೆ ಹೋಗಿ ಮಾಸ್ತರರು ಕೊಟ್ಟ ಹಾಳೆಗಳ ಕಟ್ಟನ್ನು ಕೇಳಿದೆ. ಹೊಸ ಕಟ್ಟಡಕ್ಕೆ ಬರುವಾಗ ಹಳೆ ಕಾಗದವನ್ನೆಲ್ಲ ರದ್ದಿಗೆ ಹಾಕಿದ್ದರಂತೆ. ದುರ್ಬೀನು ಯಾರಿಗೂ ನೆನಪಿರಲಿಲ್ಲ. ಅಲ್ಲಿದ್ದ ವಿಜ್ಞಾನದ ಮೇಡಂ ಒಳ್ಳೆಯ ಹುಡುಗಿ, ನನಗೆ ಕುರ್ಚಿ ಕೊಟ್ಟು ನೀರು ತರಿಸಿದಳು. "ಅದರಾಗ ಅಂಥಾದ್ದು ಏನಿತ್ರಿ ಮೇಡಂ?" ಎಂದು ಕೇಳಿದಳು. ಒಬ್ಬ ಮನುಷ್ಯ ಹತ್ತು ವರ್ಷ ಕಾದು ಕಂಡದ್ದು ಇತ್ತು ಎಂದು ಹೇಳಲು ಹೋಗಿ, ಯಾಕೋ, ಏನೂ ಇಲ್ಲ ಎಂದು ಬಂದುಬಿಟ್ಟೆ.

ಹೊಸ ಸುತ್ತಿನ ಆ ಮೊದಲ ಕಲೆಯನ್ನು ನಮ್ಮ ಮಾಸ್ತರರು ಕಂಡಿದ್ದರು. ಅವರ ಕಣ್ಣು ತಪ್ಪಿರಲಿಲ್ಲ. ಈ ಮಾತನ್ನು ಗಬ್ಬೂರಿನ ಪಡಸಾಲೆಯಲ್ಲಿ, ಅವರು ಕೇಳಿಸಿಕೊಳ್ಳಲು ಇದ್ದಾಗ, ಅವರಿಗೆ ಹೇಳಬೇಕಾಗಿತ್ತು. ಅವರನ್ನು ಕಾಣದ ನಿಮಗೆ ಹೇಳುತ್ತಿದ್ದೇನೆ…